ಬೆಲ್ಲಕ್ಕೆ ತಕ್ಕಡಿ, ಮೈಗೆ ಬರೀ ಅಂದಾಜೇ?

ಕೂಸಿನಿಂದ ಮುದುಕರ ತನಕ ನರ್ಸಬಾಯಿ ಬರೆಯುವ ಲೆಕ್ಕ; ಆ ಲೆಕ್ಕದಲ್ಲಿ ಕೈಗೆ ಸಿಗದ ಒಬ್ಬ ಗಿರಾಕಿ

ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೊರಟರೆ ಕಣಗಲಾ ಸಿಗುತ್ತದೆ. ಹುಕ್ಕೇರಿ ತಾಲೂಕಿನ ಊರು. ಹಳಬರು ಈಗಲೂ ‘ಎನ್.ಎಚ್. ನಾಲ್ಕು’ ಅನ್ನುವ ಈ ರಸ್ತೆಗೆ ಸರಕಾರಿ ಕಾಗದದಲ್ಲಿ 48 ಎಂಬ ನಂಬರು ಬಿದ್ದು ವರ್ಷಗಳಾದವು. ಇಲ್ಲಿ ಅಂಗಡಿ ತೆರೆದು ಕೂತವರಿಗೂ, ಬಸ್ಸಿಗೆ ಕಾಯುತ್ತ ನಿಂತವರಿಗೂ ತೂಕದ ವಿಷಯದಲ್ಲಿ ಕಣ್ಣು ಬಲು ಚುರುಕು. ಅರ್ಧ ಕಿಲೋ ಬೆಲ್ಲ ಕೊಳ್ಳುವ ಆಯಿ ಕೂಡ ಕಾಟಾ ನೋಡದೆ ರೊಕ್ಕ ಬಿಚ್ಚುವುದಿಲ್ಲ. ಮುದ್ರೆ ಇಲ್ಲದ ಕಾಟಾ ಇಟ್ಟುಕೊಂಡರೆ ದಂಡ ಬೀಳುತ್ತದೆಂದು ಸಾವಕಾರರಿಗೂ ಚೆನ್ನಾಗಿ ಗೊತ್ತು.

ಅದೇ ಸಾವಕಾರರನ್ನು “ನಿಮ್ಮ ಬಿ.ಪಿ. ಎಷ್ಟೈತ್ರಿ?” ಎಂದು ಕೇಳಿ ನೋಡಿ. “ನನಗೇನ ಆಗೇತ್ರಿ? ಕಲ್ಲಿನಂಗ ಗಟ್ಟಿ ಅದೀನಿ” ಎಂಬ ಉತ್ತರ ಬರುತ್ತದೆ. ಬೆಲ್ಲವನ್ನು ಅಂದಾಜಿನ ಮೇಲೆ ಮಾರದ ಮನುಷ್ಯ ತನ್ನ ಮೈಯ ವಿಷಯವನ್ನು ಅಂದಾಜಿನ ಮೇಲೆ ಬಿಟ್ಟಿರುತ್ತಾನೆ. ಈ ಸಲದ ಅಂಕಣ ಆ ಅಂದಾಜಿನ ಬಗ್ಗೆ, ಮತ್ತು ಅದನ್ನು ಅಳತೆಗೆ ತರಲು ಊರೂರು ತಿರುಗುವ ನರ್ಸಬಾಯಿಯ ಬಗ್ಗೆ.

ದೊಡ್ಡ ಡಾಕ್ಟರ ಮಾತು ಆಮೇಲೆ. ಮೊದಲು ಮನೆ ಬಾಗಿಲಿಗೆ ಬರುವವರು ನರ್ಸಬಾಯಿ ಮತ್ತು ಆಶಾ ಕಾರ್ಯಕರ್ತೆ. ಈಚಿನ ವರ್ಷಗಳಲ್ಲಿ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತಲೂ ಒಬ್ಬರು ಕೂರುತ್ತಾರೆ. ಜನ ಅವರನ್ನು ‘ಸಿ.ಎಚ್.ಓ.’ ಅನ್ನುತ್ತಾರೆ. 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡುತ್ತ ಬಂದಾಗ ಈ ಹುದ್ದೆ ಊರಿಗೆ ಬಂತು. ಹೆಚ್ಚಿನವರು ನರ್ಸಿಂಗ್ ಓದಿದವರೇ. 2023ರಲ್ಲಿ ಇದೇ ಕೇಂದ್ರಗಳಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಹೊಸ ಹೆಸರು ಬಂತು. ಹೆಸರು ಏನೇ ಇರಲಿ, ಒಳಗಿನ ಕೆಲಸ ಹಳೆಯದೇ. ನೋಡುವುದು, ಕೇಳುವುದು, ಮುಟ್ಟಿ ತಿಳಿಯುವುದು, ಅಳೆಯುವುದು, ಬರೆದಿಡುವುದು.

ಕಣ್ಣಂದಾಜಿನ ಮೋಸ

ಕಣ್ಣಂದಾಜು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ ಇದೆ.

ಹೆರಿಗೆ ಆದ ಕೂಡಲೇ ವಿಪರೀತ ರಕ್ತ ಹೋಗಿ ಬಾಣಂತಿ ಸಾಯುವುದು ಹಳ್ಳಿಗಳ ಹಳೆಯ ಸಂಕಟ. ಹೋದ ರಕ್ತ ಎಷ್ಟು ಎಂದು ಹೇಗೆ ತಿಳಿಯಬೇಕು? ಹಾಸಿದ ಬಟ್ಟೆ ನೋಡಿ “ಬಾಳ ಏನಿಲ್ಲ” ಎಂದು ಹೇಳುವುದೇ ರೂಢಿಯಾಗಿತ್ತು. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರ ಜೊತೆ ಕೂಡಿ ಇದಕ್ಕೊಂದು ಸಾದಾ ಉಪಾಯ ಮಾಡಿದರು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಹಾಲಿನ ಅಳತೆ ಪಾತ್ರೆ ಇದ್ದ ಹಾಗೆ. ಚೀಲದ ಅಳತೆಯನ್ನೂ ಕಣ್ಣಂದಾಜನ್ನೂ ಪಕ್ಕಕ್ಕೆ ಇಟ್ಟು ನೋಡಿದರೆ, ಕಣ್ಣಂದಾಜು ಶೇಕಡಾ 33ರಷ್ಟು ಕಡಿಮೆ ಹೇಳುತ್ತಿತ್ತು. ಈ ವರದಿ 2006ರಲ್ಲಿ ಪ್ರಕಟವಾಯಿತು. ಮೂರು ಪಾಲಿನಲ್ಲಿ ಒಂದು ಪಾಲು ರಕ್ತ ಲೆಕ್ಕಕ್ಕೇ ಸಿಗದೆ ಹೋಗುತ್ತಿತ್ತು ಎಂದಾಯಿತು. ಅಂಗಡಿಯಲ್ಲಿ ಹೀಗಾದರೆ ವ್ಯಾಪಾರ ದಿವಾಳಿ. ಇಲ್ಲಿ ಹೋಗುವುದು ತಾಯಿಯ ಜೀವ.

ಇದೇ ಚೀಲ ಹಿಡಿದು 2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. 1620 ಬಾಣಂತಿಯರು. ಹೆರಿಗೆ ಮನೆಯಲ್ಲಿ ಇಲ್ಲವೆ ಉಪಕೇಂದ್ರದಲ್ಲಿ. ಕೂಸು ಹೊರಗೆ ಬಂದ ಕೂಡಲೇ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಔಷಧಿ ಇಲ್ಲದ ಅದೇ ಥರದ ಗುಳಿಗೆ. ಕೊಟ್ಟವರೂ, ರಕ್ತ ಅಳೆದವರೂ, ಬರೆದವರೂ ನಮ್ಮ ಹಳ್ಳಿಯ ಸಹಾಯಕ ನರ್ಸು-ಸೂಲಗಿತ್ತಿಯರು. ಅರ್ಧ ಲೀಟರಿಗೆ ಮೇಲ್ಪಟ್ಟ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ಅತಿ ಗಂಭೀರ ಸ್ರಾವ ಶೇಕಡಾ 1.2ರಿಂದ 0.2ಕ್ಕೆ ಬಂತು. ಇದು 2006ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಳಿಗೆಯನ್ನು ಇದೇ ಕೆಲಸಕ್ಕಾಗಿ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಇಂಥ ಗೆರೆ ಹಾಕಿದ ಹಾಸಿನಿಂದ ರಕ್ತ ಅಳೆದು, ಮಿತಿ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೇ ಶುರು ಮಾಡುವ ಪದ್ಧತಿ ತಂದರು. ಬಾಣಂತಿಯರ ಗಂಭೀರ ತೊಂದರೆಗಳು ಶೇಕಡಾ 60ರಷ್ಟು ಕಡಿಮೆಯಾದವೆಂದು 2023ರಲ್ಲಿ ವರದಿ ಬಂತು. ಬೆಳಗಾವಿ ಜಿಲ್ಲೆಯ ನರ್ಸಬಾಯಿಯರು ಹಳ್ಳಿಯ ಮನೆಗಳಲ್ಲಿ ಹಿಡಿದ ಅಳತೆಯ ಚೀಲಕ್ಕೆ ಜಗತ್ತಿನಲ್ಲಿ ಇಷ್ಟು ಬೆಲೆ ಇದೆ ಎಂಬುದು ನಮ್ಮ ಎಷ್ಟು ಮಂದಿಗೆ ಗೊತ್ತು?

ಕೂಸಿಗೆ ಬೇರೆ ಕಲ್ಲು

ಅಳೆದರೆ ಸಾಲದು. ಯಾವ ಕಲ್ಲಿಗೆ ತೂಗಬೇಕು ಎಂಬುದೂ ಗೊತ್ತಿರಬೇಕು. ಬಂಗಾರ ತೂಗುವ ಕಾಟಾದಲ್ಲಿ ಯಾರೂ ಜೋಳದ ಚೀಲ ಇಡುವುದಿಲ್ಲ. ನರ್ಸಿಂಗ್ ಶಾಲೆಯಲ್ಲಿ ವರ್ಷಗಟ್ಟಲೆ ಕಲಿಸುವ ವಿದ್ಯೆಯೂ ಇದೇ. ಒಂದೇ ಸಂಖ್ಯೆ ಒಂದು ವಯಸ್ಸಿನಲ್ಲಿ ಆರೋಗ್ಯ, ಇನ್ನೊಂದು ವಯಸ್ಸಿನಲ್ಲಿ ಅಪಾಯ.

ಉಸಿರನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 40 ಸಲ ಉಸಿರಾಡುವ ಎಳೆಗೂಸು ಅರಾಮಾಗಿದೆ. ಅಷ್ಟೇ ಸಲ ಉಸಿರಾಡುವ 25 ವರ್ಷದ ಹುಡುಗನನ್ನು ಕೂಡಲೇ ದವಾಖಾನೆಗೆ ಒಯ್ಯಬೇಕು, ಯಾಕೆಂದರೆ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ ಅಪಾಯದ ಗಂಟೆ. ಎರಡು ತಿಂಗಳಿಂದ ವರ್ಷದೊಳಗೆ 50. ವರ್ಷದಿಂದ ಐದು ವರ್ಷದ ತನಕ 40. ನ್ಯುಮೋನಿಯಾ ಹಿಡಿಯಲು ನರ್ಸಬಾಯಿ ಅಂಗಿ ಸರಿಸಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಎಣಿಸುವುದು ಇದಕ್ಕೇ. ಆ ಹೊತ್ತಿನಲ್ಲಿ ಮಾತನಾಡಿಸಿ ಲೆಕ್ಕ ತಪ್ಪಿಸಬೇಡಿ. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತದೆಯೇ ಎಂದೂ ಆಕೆ ನೋಡುತ್ತಾಳೆ.

ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗಿದರೆ ಆ ಕೂಸಿನ ಮೇಲೆ ಹೆಚ್ಚಿನ ನಿಗಾ ಬೇಕು. ಎಳೆಗೂಸಿನ ಮೈ 99.5 ಡಿಗ್ರಿ ದಾಟಿದರೆ ಕಾಯಬಾರದು. ಮೈ ತಣ್ಣಗಾಗಿ ಮೊಲೆ ಚೀಪುವುದನ್ನು ಬಿಟ್ಟರೂ ಅಷ್ಟೇ ಅಪಾಯ. ಇದಕ್ಕೇ ಆಶಾ ಕಾರ್ಯಕರ್ತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮ ಇದೆ. ಈ ಪದ್ಧತಿಯ ಬೇರು ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಅಲ್ಲಿನ ಹಳ್ಳಿ ಹೆಣ್ಣುಮಕ್ಕಳಿಗೆ ಕೂಸು ತೂಗುವುದು, ಉಸಿರು ಎಣಿಸುವುದು, ಅಪಾಯ ಗುರುತಿಸಿ ಉಪಚರಿಸುವುದು ಕಲಿಸಿದರು. ಎಳೆಗೂಸುಗಳ ಸಾವು ಶೇಕಡಾ 62ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟಿಸಿದರು.

ಆರು ತಿಂಗಳು ದಾಟಿದ ಮೇಲೆ ಅಂಗನವಾಡಿಯ ಸರದಿ. ದೇಶದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದ ಪಾಲಿಗೆ ಬಂದ ಮೊದಲ ತಾಲೂಕು ಮೈಸೂರು ಜಿಲ್ಲೆಯ ಟಿ. ನರಸೀಪುರ. ತೋಳಿಗೆ ಸುತ್ತುವ ಕೆಂಪು-ಹಳದಿ-ಹಸಿರು ಪಟ್ಟಿ ನೀವು ನೋಡಿರಬಹುದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ತೀವ್ರ ಅಪೌಷ್ಟಿಕತೆ. ತೂಕ ಒಂದು ತಿಂಗಳು ಕಡಿಮೆ ಬಂತೆಂದು ಗಾಬರಿ ಆಗಬೇಕಿಲ್ಲ. ತಿಂಗಳಿಂದ ತಿಂಗಳಿಗೆ ಗೆರೆ ಮೇಲೇರುತ್ತಿದೆಯೇ ಎಂಬುದೇ ಮುಖ್ಯ. ಕೂಸು ಎರಡು ತಿಂಗಳಿಗೆ ಮುಖ ನೋಡಿ ನಗಬೇಕು, ನಾಲ್ಕಕ್ಕೆ ಕುತ್ತಿಗೆ ನಿಲ್ಲಬೇಕು, ಎಂಟರ ಸುಮಾರಿಗೆ ಆಸರೆ ಇಲ್ಲದೆ ಕೂರಬೇಕು, ಒಂದೂವರೆ ವರ್ಷದೊಳಗೆ ನಡೆಯಬೇಕು. “ನಮ್ಮ ಮನೆತನದಾಗ ಎಲ್ಲಾರೂ ತಡಾನ ನಡದಾರ್ರಿ” ಎಂದು ಸುಮ್ಮನಿದ್ದರೆ ಉಪಚಾರದ ಹೊತ್ತು ಮೀರಬಹುದು.

ಶಾಲೆಯ ಹಿಂದಿನ ಬೆಂಚು

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಬಂದ ದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ಹಿನ್ನಡೆ ಇವು ನಾಲ್ಕೂ ಆ ಪಟ್ಟಿಯಲ್ಲಿವೆ. ಕಣ್ಣಿನ ಪರೀಕ್ಷೆ ಒಂದೇ ಎಷ್ಟೋ ಮಕ್ಕಳ ದಿಕ್ಕು ಬದಲಿಸೀತು. ಫಳಿಯ ಮೇಲಿನ ಅಕ್ಷರ ಕಾಣದ ಹುಡುಗನಿಗೆ ದಡ್ಡ ಎಂಬ ಹೆಸರು ಅಂಟುತ್ತದೆ. ಅವನಿಗೆ ಬೇಕಾದದ್ದು ಚಷ್ಮಾ.

ಹತ್ತು ಮತ್ತು ಹದಿನಾರನೇ ವಯಸ್ಸಿಗೆ ಟಿ.ಡಿ. ಸೂಜಿ. ಹರೆಯದ ಹೆಣ್ಣುಮಕ್ಕಳಿಗೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಕಂಡಿತು. ಹೆಚ್ಚು ಕಡಿಮೆ ಅರ್ಧ. ಈ ವಯಸ್ಸಿನವರ ಜೊತೆ ಮಾತನಾಡುವಾಗ ನರ್ಸಬಾಯಿ ತಂದೆ-ತಾಯಿಯನ್ನು ಸ್ವಲ್ಪ ಹೊರಗೆ ಕೂರಿಸುವುದುಂಟು. ಸಿಟ್ಟಾಗಬೇಡಿ. ಅಪ್ಪನ ಎದುರಿಗೆ ಮಗಳು ಹೇಳಲಾರದ ಮಾತು ಎಷ್ಟೋ ಇರುತ್ತವೆ.

ತಾಯಿ ಕಾರ್ಡು, ಮತ್ತು ಕಣಗಲಾದ ಕಾರಖಾನೆ

ಬಸುರಿಯ ಮಟ್ಟಿಗೆ ನಮ್ಮ ರಾಜ್ಯದಲ್ಲಿ ಲೆಕ್ಕ ಪಕ್ಕಾ. ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ., ರಕ್ತ, ಮೂತ್ರ, ಹೊಟ್ಟೆಯ ಬೆಳವಣಿಗೆ ಎಲ್ಲ ಬರೆದಿರುತ್ತದೆ. ಇಲ್ಲಿಯೂ ಕಲ್ಲು ಬದಲಾಗುತ್ತದೆ. ಬಸುರಿಗೆ ಹಿಮೋಗ್ಲೋಬಿನ್ 11ರ ಕೆಳಗೆ ಇದ್ದರೆ ಕೊರತೆ, 7ರ ಕೆಳಗೆ ತೀವ್ರ. ಬಿ.ಪಿ. 140/90 ಮುಟ್ಟಿತು ಅಂದರೆ ತಾಯಿಗೂ ಹೊಟ್ಟೆಯೊಳಗಿನ ಕೂಸಿಗೂ ಗಂಡಾಂತರ. ತಲೆನೋವು, ಕಣ್ಣು ಮಂಜು, ಮುಖ-ಕೈಗೆ ಬಾವು, ರಕ್ತ ಕಾಣುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಖಿಗೆ ಕಾಯಬಾರದು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಪುಕ್ಕಟೆ ತಪಾಸಣೆಯ ದಿನ.

ಇಲ್ಲಿ ಕಣಗಲಾದ ಹೆಸರು ಬರಲೇಬೇಕು. ಹಿಂದೂಸ್ತಾನ್ ಲೇಟೆಕ್ಸ್, ಅಂದರೆ ಈಗಿನ ಎಚ್.ಎಲ್.ಎಲ್. ಲೈಫ್‌ಕೇರ್, 1985ರಲ್ಲಿ ನಮ್ಮ ಜಿಲ್ಲೆಯಲ್ಲಿ ಶುರು ಮಾಡಿದ ಕಾರಖಾನೆ ಇರುವುದು ಇದೇ ಊರಿನಲ್ಲಿ. ಕುಟುಂಬ ಯೋಜನೆಯ ಸಾಧನಗಳನ್ನು ತಯಾರಿಸುವ ಕೇಂದ್ರ ಸರಕಾರದ ಉದ್ದಿಮೆ. ಹೆಸರು ಹೇಳಲು ನಾಚುವ ಮಂದಿಗೂ ಅನ್ನ ಕೊಟ್ಟ ಕಾರಖಾನೆ. ಕುಟುಂಬ ಯೋಜನೆಯ ಗುಳಿಗೆ ಎಲ್ಲೇ ತಯಾರಾಗಲಿ, ಅದನ್ನು ಕೈಗೆ ಕೊಡುವ ಮೊದಲು ನರ್ಸಬಾಯಿ ಹತ್ತು ಪ್ರಶ್ನೆ ಕೇಳುತ್ತಾಳೆ. “ಯಾಕ್ರೀ ಬಾಯಾರ, ಇಷ್ಟೆಲ್ಲಾ ಯಾಕ ಕೇಳ್ತೀರಿ? ಗುಳಿಗಿ ಕೊಟ್ರ ಆತಲ್ಲ” ಎಂದು ಹೆಣ್ಣುಮಕ್ಕಳು ಬೇಸರ ಪಡುವುದುಂಟು.

ಕೇಳಲು ಕಾರಣ ಇದೆ. ಮಾಲಾ-ಎನ್ ಥರದ ಎರಡು ಹಾರ್ಮೋನಿನ ಗುಳಿಗೆ ಬಿ.ಪಿ. 140/90 ಇಲ್ಲವೆ ಮೇಲಿದ್ದವರಿಗೆ ತಕ್ಕದ್ದಲ್ಲ. ಆರು ತಿಂಗಳೊಳಗಿನ ಕೂಸಿಗೆ ಮೊಲೆ ಕುಡಿಸುವವರಿಗೆ, 35 ದಾಟಿ ಬೀಡಿ-ಸಿಗರೇಟು ಸೇದುವವರಿಗೆ, ಕಣ್ಣ ಮುಂದೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರಿಗೂ ಬೇರೆ ಉಪಾಯ ಹೇಳಬೇಕಾಗುತ್ತದೆ. ಕಾರಖಾನೆಯಿಂದ ಗುಳಿಗೆ ಒಂದೇ ನಮೂನೆ ಹೊರಬೀಳುತ್ತದೆ, ನುಂಗುವ ಮೈ ಒಂದೊಂದು ನಮೂನೆ. ಯಾವ ಮೈಗೆ ಯಾವುದು ಎಂದು ತೂಗಿ ನೋಡುವ ಕೆಲಸ ಆ ಪ್ರಶ್ನೆಗಳದ್ದು.

ಖಾತೆ ಬಂದಾದ ಗಂಡಸು

ಇಲ್ಲಿಯ ತನಕ ಓದಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಕೂಸಿಗೆ ಖಾತೆ ಇದೆ. ಶಾಲೆಯ ಮಗುವಿಗೆ ಇದೆ. ಬಸುರಿಗೆ, ಬಾಣಂತಿಗೆ ಇದೆ. ಗಂಡಸು? ಹದಿನಾರನೇ ವಯಸ್ಸಿಗೆ ಟಿ.ಡಿ. ಸೂಜಿ ಚುಚ್ಚಿಸಿಕೊಂಡು ಹೊರಗೆ ಬಿದ್ದ ಹುಡುಗನ ಹೆಸರು ನರ್ಸಬಾಯಿಯ ವಹಿಯಲ್ಲಿ ಮತ್ತೆ ಬರುವುದು ಮೂವತ್ತಕ್ಕೆ. ಹದಿನಾಲ್ಕು ವರ್ಷ ಅವನ ಖಾತೆ ಬಂದ್.

ಮೂವತ್ತು ತುಂಬಿದವರೆಲ್ಲರಿಗೂ ಬಿ.ಪಿ., ಸಕ್ಕರೆ ಮತ್ತು ಬಾಯಿಯ ಪರೀಕ್ಷೆ, ಹೆಂಗಸರಿಗೆ ಅದರ ಜೊತೆ ಸ್ತನ ಮತ್ತು ಗರ್ಭಕೊರಳಿನ ಪರೀಕ್ಷೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಅದಕ್ಕೂ ಮೊದಲು ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರಂ ತುಂಬುತ್ತಾಳೆ. ವಯಸ್ಸು, ತಂಬಾಕು, ಸೆರೆ, ಸೊಂಟದ ಸುತ್ತಳತೆ, ಮೈದಂಡನೆ, ಮನೆತನದ ರೋಗ ಇವಕ್ಕೆ ಅಂಕ. ಒಟ್ಟು 4 ದಾಟಿದವರನ್ನು ಮೊದಲ ಸಾಲಿನಲ್ಲಿ ಪರೀಕ್ಷೆಗೆ ಕರೆಯಬೇಕು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿತೆಂದರೆ ಅಂಕ ಏರುತ್ತದೆ. ಅರಿವೆ ಅಂಗಡಿಯ ಟೇಪು ಸಾಕು, ಈಗಲೇ ಸುತ್ತಿ ನೋಡಬಹುದು. ಹೊಕ್ಕಳದ ಹತ್ತಿರ, ಹೊಟ್ಟೆ ಒಳಗೆ ಎಳೆದುಕೊಳ್ಳದೆ!

ತೊಡಕು ಎಲ್ಲಿದೆ ಅಂದರೆ, ಆಕೆ ಬರುವ ಹೊತ್ತಿಗೆ ಗಂಡಸು ಮನೆಯಲ್ಲಿ ಇರುವುದಿಲ್ಲ. “ನಮ್ಮ ಮನ್ಯಾರು ಅಂಗಡಿಗೆ ಹೋಗ್ಯಾರ್ರಿ. ಅವರಿಗೇನೂ ಇಲ್ಲ, ಅರಾಮ ಅದಾರ” ಎಂದು ಹೆಂಡತಿ ಹೇಳುತ್ತಾಳೆ. ಸೊಂಟದ ಅಳತೆಯೂ ಅಂದಾಜು, ತಂಬಾಕಿನ ಲೆಕ್ಕವೂ ಅಂದಾಜು. ಬಸ್ಸಿನಲ್ಲಿ ದಿನಾ ಬೆಳಗಾವಿಗೋ ಕೊಲ್ಹಾಪುರಕ್ಕೋ ಹೋಗಿ ಬರುವವನ ಕಥೆಯೂ ಇದೇ. ಉಪಕೇಂದ್ರ ತೆರೆಯುವ ಮೊದಲು ಹೊರಟು, ಮುಚ್ಚಿದ ಮೇಲೆ ಇಳಿಯುತ್ತಾನೆ.

ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ದಾಟಿದ ಗಂಡಸರಲ್ಲಿ ಶೇಕಡಾ 26.9 ಮಂದಿಗೆ ಬಿ.ಪಿ. ಹೆಚ್ಚಿತ್ತು ಇಲ್ಲವೆ ಅದಕ್ಕೆ ಗುಳಿಗೆ ನಡೆದಿತ್ತು. ಐವತ್ತು ಗಂಡಸರು ಕೂತ ಬಸ್ಸಿಗೆ ಲೆಕ್ಕ ಹಾಕಿದರೆ ಸುಮಾರು 13 ಮಂದಿ. ಅವರಲ್ಲಿ ಬಹಳ ಮಂದಿಗೆ ನೋವಿಲ್ಲ, ಜ್ವರವಿಲ್ಲ. ಏರಿದ ಬಿ.ಪಿ. ಸದ್ದು ಮಾಡುವುದಿಲ್ಲ. ಸದ್ದು ಮಾಡಿದ ದಿನ ಲಕ್ವಾ ಹೊಡೆದಿರುತ್ತದೆ ಇಲ್ಲವೆ ಎದೆ ಹಿಡಿದಿರುತ್ತದೆ. “ನಿನ್ನೆ ತನಕ ಅರಾಮ ಇದ್ದಾ” ಎಂದು ಮಣ್ಣಿಗೆ ಬಂದವರು ಮಾತಾಡಿಕೊಳ್ಳುತ್ತಾರೆ. ನಿನ್ನೆ ತನಕ ಅಳೆದಿರಲಿಲ್ಲ ಎಂಬುದು ಸರಿಯಾದ ಮಾತು.

ನಮ್ಮ ಭಾಗದಲ್ಲಿ ಬಾಯಿಯ ಪರೀಕ್ಷೆಯಂತೂ ತಪ್ಪಿಸಬಾರದ್ದು. ಪಕ್ಕದ ನಿಪ್ಪಾಣಿ ತಂಬಾಕಿನ ಪೇಟೆ. ತಂಬಾಕಿನ ದರಕ್ಕಾಗಿ 1981ರಲ್ಲಿ ರೈತರು ಅಲ್ಲಿ ಇದೇ ಹೆದ್ದಾರಿ ತಡೆದು ಕೂತರು, ಗೋಲಿಬಾರಿನಲ್ಲಿ ಜೀವ ಕೊಟ್ಟರು. ತಂಬಾಕು ಇಲ್ಲಿ ಎಷ್ಟೋ ಮನೆಗಳ ಹೊಟ್ಟೆಯ ಪ್ರಶ್ನೆ, ಬಾಯಿಚಟವೂ ಹೌದು. ಗುಟಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಿದರು. ಚಟ ನಿಷೇಧಕ್ಕೆ ಕೇಳಲಿಲ್ಲ. ನರ್ಸಬಾಯಿ ಟಾರ್ಚು ಹಿಡಿದು ನೋಡುವುದು ಇಷ್ಟೇ: ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಎರಡು ವಾರವಾದರೂ ಮಾಯದ ಹುಣ್ಣು ಇದೆಯೇ, ಬಾಯಿ ಮೂರು ಬೆರಳು ಹೋಗುವಷ್ಟು ತೆರೆಯುತ್ತದೆಯೇ. ಎರಡು ನಿಮಿಷದ ಕೆಲಸ. ಬೇಗ ಸಿಕ್ಕರೆ ದವಡೆ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ.

ಓಡಿ ಬಂದು ಅಳೆಸಬೇಡಿ

ಬಸ್ಸಿನ ಗಿರಾಕಿಗಳಿಗೆ ಒಂದು ಮಾತು. ಬಸ್ಸು ಹಿಡಿಯಲು ಓಡಿ ಬಂದವರ ಬಿ.ಪಿ. ಆ ಕ್ಷಣಕ್ಕೆ ಅಳೆದರೆ ಅದು ಓಟದ ಲೆಕ್ಕ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲು ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಅರ್ಧ ತಾಸು ಮೊದಲು ಚಹಾ, ಬೀಡಿ, ತಂಬಾಕು ಬೇಡ. ಒಂದಕ್ಕೆ ಹೋಗಿ ಬರಬೇಕು. ಪಟ್ಟಿ ಅಂಗಿಯ ಮೇಲೆ ಸುತ್ತಬಾರದು, ದಪ್ಪ ತೋಳಿಗೆ ದೊಡ್ಡ ಪಟ್ಟಿಯೇ ಬೇಕು. ಅಳೆಯುವಾಗ ಮಾತು ಬಂದ್.

ಒಂದು ಸಲ 140/90 ದಾಟಿದ ಮಾತ್ರಕ್ಕೆ ರೋಗ ಎಂದು ಠರಾವು ಆಗುವುದಿಲ್ಲ. ಬೇರೆ ಬೇರೆ ದಿನ ಅಳೆದಾಗಲೂ ಹಾಗೇ ಬಂದರೆ ಡಾಕ್ಟರಲ್ಲಿಗೆ ಹೋಗಬೇಕು. ಸಕ್ಕರೆಯೂ ಹಾಗೆಯೇ. ಬರಿ ಹೊಟ್ಟೆಯಲ್ಲಿ 126 ಅಥವಾ ಮೇಲೆ ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಮಧುಮೇಹ. ಗುಳಿಗೆ ಶುರುವಾಗಿ ಬಿ.ಪಿ. ಇಳಿಯಿತೆಂದು ತಾವೇ ಬಿಟ್ಟುಬಿಡುವ ಮಂದಿ ಬಹಳ. ಇಳಿದದ್ದು ಗುಳಿಗೆಯಿಂದ ಎಂಬುದನ್ನು ಅವರು ಮರೆಯುತ್ತಾರೆ.

“ವಯಸ್ಸಾತಲ್ರಿ, ಇನ್ನೇನ”

ಮುದುಕರ ಪರೀಕ್ಷೆ ಎಲ್ಲಕ್ಕಿಂತ ಸೂಕ್ಷ್ಮ. ಅವರ ಮೈ ಸುಳ್ಳು ಸಾಕ್ಷಿ ಹೇಳುತ್ತದೆ. ನ್ಯುಮೋನಿಯಾ ಆದರೂ ಜ್ವರ ಬಾರದೆ ಇರಬಹುದು, ಹೃದಯಾಘಾತವಾದರೂ ಎದೆ ನೋಯದಿರಬಹುದು, ಮೈಯಲ್ಲಿ ನೀರು ಕಡಿಮೆಯಾದರೂ ನೀರಡಿಕೆ ಆಗದಿರಬಹುದು. ನಿನ್ನೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜ ಇವತ್ತು ತಡವರಿಸುತ್ತಾರೆ, ಊಟ ಬಿಡುತ್ತಾರೆ, ಬೀಳುತ್ತಾರೆ. ಮನೆಯವರು “ವಯಸ್ಸಾತಲ್ರಿ, ಇನ್ನೇನ” ಅನ್ನುತ್ತಾರೆ. ವಯಸ್ಸು ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ರಾತ್ರೋರಾತ್ರಿ ಬದಲಾದರೆ ಅದು ರೋಗ.

ಬಲ್ಲ ನರ್ಸಬಾಯಿ ಅಜ್ಜನ ಬಿ.ಪಿ.ಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡುತ್ತಾಳೆ. ಮೇಲಿನ ಸಂಖ್ಯೆ 20ರಷ್ಟು ಕುಸಿದರೆ ಅಜ್ಜ ರಾತ್ರಿ ಎದ್ದಾಗ ತಲೆ ತಿರುಗಿ ಬೀಳುವ ಸಂಭವ ಹೆಚ್ಚು. ಕುರ್ಚಿಯಿಂದ ಎದ್ದು ಮೂರು ಮೀಟರು ನಡೆದು, ತಿರುಗಿ ಬಂದು ಕೂರಲು ಹೇಳುತ್ತಾಳೆ. ಹನ್ನೆರಡು ಸೆಕೆಂಡು ಇಲ್ಲವೆ ಹೆಚ್ಚು ಹಿಡಿದರೆ ಜೋಪಾನ. ಮೂರು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾಳೆ. ಕಿವಿ, ಕಣ್ಣು, ಹಲ್ಲು ನೋಡುತ್ತಾಳೆ. “ಅಜ್ಜಾರ, ನೀವು ತಗೊಳ್ಳೋ ಎಲ್ಲಾ ಗುಳಿಗಿ ಒಂದ ಚೀಲದಾಗ ಹಾಕ್ಕೊಂಡ ಬರ್ರಿ” ಅನ್ನುತ್ತಾಳೆ. ನಾಲ್ಕು ಡಾಕ್ಟರ ಗುಳಿಗೆ ಒಂದೇ ಹೊಟ್ಟೆಗೆ ಸೇರಿದ್ದು ಆಗ ಬಯಲಾಗುತ್ತದೆ.

ಮುಂದೇನು?

ಬಯಲು ಸೀಮೆಯಲ್ಲಿ ಸುಮಾರು 5000 ಜನಕ್ಕೊಂದು ಉಪಕೇಂದ್ರ, 1000 ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಎಂಬುದು ನಿಯಮ. ಅಷ್ಟು ಮಂದಿಯನ್ನು ಅಂಗಡಿಯಿಂದ ಅಂಗಡಿಗೆ ಹುಡುಕಿಕೊಂಡು ಹೋಗು ಎಂದು ಒಬ್ಬ ಹೆಣ್ಣುಮಗಳಿಗೆ ಹೇಳುವುದು ನ್ಯಾಯವಲ್ಲ. ಸಕ್ಕರೆ ನೋಡುವ ಪಟ್ಟಿ ಮುಗಿದರೆ, ಯಂತ್ರ ಕೆಟ್ಟರೆ ಸರಕಾರವೇ ಉತ್ತರ ಹೇಳಬೇಕು. ಕೇಳುವ ಹಕ್ಕು ಜನರಿಗಿದೆ. ಕೇಂದ್ರಕ್ಕೆ ಹೋಗದವರಿಗೆ ಯಂತ್ರ ಕೆಟ್ಟದ್ದು ಗೊತ್ತಾಗುವುದಾದರೂ ಹೇಗೆ?

ವ್ಯಾಪಾರಸ್ಥರು ಮನಸ್ಸು ಮಾಡಿದರೆ ದಾರಿ ಇದೆ. ಕಣಗಲಾ ಇರಲಿ, ಹುಕ್ಕೇರಿ, ಗೋಕಾಕ, ಮೂಡಲಗಿ ಪೇಟೆ ಇರಲಿ, ತಿಂಗಳಿಗೊಂದು ಸಂತೆಯ ದಿನ ಒಬ್ಬ ಅಂಗಡಿಕಾರರು ತಮ್ಮ ಕಟ್ಟೆಯ ಮೇಲೆ ಒಂದು ಮೇಜು, ಎರಡು ಕುರ್ಚಿ, ನೆರಳು ಕೊಡಲಿ. ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿ ಪತ್ರ ಬರೆದು ಸಿಬ್ಬಂದಿಯನ್ನು ಕರೆಯಲಿ. ಮೊದಲು ತಾವೇ ತೋಳು ಚಾಚಿ ಕೂರಲಿ. ಸಾವಕಾರರು ಕೂತದ್ದು ಕಂಡರೆ ಹಮಾಲರೂ, ಬಸ್ಸಿಗೆ ನಿಂತವರೂ ಸಾಲಿಗೆ ಬರುತ್ತಾರೆ.

ದೀಪಾವಳಿ ಪಾಡ್ಯಕ್ಕೆ ಪೇಟೆಯಲ್ಲಿ ಹೊಸ ಕಿರ್ದಿ ಪೂಜೆ ಆಗುತ್ತದೆ. ಈ ಸಲ ಅದರ ಮೊದಲ ಹಾಳೆಯಲ್ಲಿ ಮನೆಯವರ ಹೆಸರು ಬರೆದು ಎದುರಿಗೆ ವಯಸ್ಸು, ತೂಕ, ಸೊಂಟ, ಬಿ.ಪಿ., ಸಕ್ಕರೆ ಮತ್ತು ಅಳೆದ ತಾರೀಖು ಬರೆಯಿರಿ. ಕೂಸಿನ ಹೆಸರಿನಿಂದ ಶುರು ಮಾಡಿ, ಆಯಿಯ ಹೆಸರಿಗೆ ಮುಗಿಸಿ. ನಡುವೆ ನಿಮ್ಮ ಹೆಸರಿನ ಎದುರಿಗೆ ಜಾಗ ಖಾಲಿ ಉಳಿದರೆ, ಅಂಗಡಿಯನ್ನು ಮಗನ ಕೈಗೆ ಕೊಟ್ಟು ಅದೇ ದಿನ ನರ್ಸಬಾಯಿಯ ಹತ್ತಿರ ಹೋಗಿ ಬನ್ನಿ.